ರಕ್ತದ ರೋಗಕ್ಕೆ ಮದ್ದು ಹುಡುಕಿದ ಸುಬ್ಬರಾಯರು



ವಾರಕ್ಕೊಮ್ಮೆ ಬಿಸಿಯೂಟ ಮುಗಿದ ಮೇಲೆ ನಿಮ್ಮ ಗುರುಗಳು ನಿಮಗೆ ಒಂದು ಮಾತ್ರೆ ಕೊಡುತ್ತಾರಲ್ಲವೇ? ಚಿಕ್ಕ ತರಗತಿಯವರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ತುಂಬಿದವರಿಗೆ ನೀಲಿ ಬಣ್ಣದ್ದು. ನಾವೆಲ್ಲ ಅದನ್ನು ಕಬ್ಬಿಣದ ಮಾತ್ರೆ ಎಂದೇ ಕರೆಯುತ್ತೇವೆ. ಶಾಲೆಗಳಿಗೆ ಭೇಟಿ ಕೊಟ್ಟಾಗ ಒಂದೆರಡು ಕಡೆ ಕಿಟಕಿಯ ಆಚೆ, ದಾಸವಾಳ ಗಿಡದ ಬುಡದಲ್ಲಿ ಈ ಮಾತ್ರೆಗಳು ಬಿದ್ದಿರುವುದನ್ನೂ ನಾನು ನೋಡಿದ್ದೇನೆ. ಯಾರು ಎಸೆದರು ಎಂದು ಕೇಳುವುದಿಲ್ಲ ಬಿಡಿ! ಆದರೆ ಮುಂದಿನ ಸಲ ಆ ಮಾತ್ರೆಯ ಹಾಳೆಯ ಮೇಲೆ ಏನು ಬರೆದಿದೆ ಎಂದು ಓದಿ ನೋಡಿ. ಕಬ್ಬಿಣದ ಜೊತೆಗೆ ಇನ್ನೊಂದು ಹೆಸರು ಇರುತ್ತದೆ: ಫೋಲಿಕ್ ಆಮ್ಲ. ಗುಲಾಬಿ ಮಾತ್ರೆಯಲ್ಲಿ ಅದು ಇರುವುದು 400 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮನ್ನು ಎರಡೂವರೆ ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮಾತ್ರ. ಅಷ್ಟು ಚೂರು ಇಲ್ಲದಿದ್ದರೂ ನಮ್ಮ ದೇಹದಲ್ಲಿ ಕೆಂಪು ರಕ್ತಕಣಗಳು ಸರಿಯಾಗಿ ತಯಾರಾಗುವುದಿಲ್ಲ.

ಈ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಕಲಿತ ತಂಡದ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದವರು, ಡಾ. ಯಲ್ಲಾಪ್ರಗಡ ಸುಬ್ಬರಾವ್. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಇಂದು ಕೊಡುವ ಔಷಧಗಳ ಗುಂಪಿನಲ್ಲಿ ಒಂದು ಮುಖ್ಯ ಔಷಧ ಹುಟ್ಟಿದ್ದೂ ಅವರ ಪ್ರಯೋಗಾಲಯದಲ್ಲಿಯೇ. ಒಂದು ರಕ್ತವನ್ನು ಬೆಳೆಸುವ ವಸ್ತು, ಇನ್ನೊಂದು ಹುಚ್ಚಾಗಿ ಬೆಳೆಯುವ ರಕ್ತಕಣವನ್ನು ತಡೆಯುವ ವಸ್ತು. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ! ಅದು ಹೇಗೆ ಎಂಬುದೇ ಈ ಸಂಚಿಕೆಯ ಕಥೆ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಆಗ ಅದು ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಏಳು ಮಕ್ಕಳು, ತಂದೆಗೆ ಅನಾರೋಗ್ಯ, ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಒಂದು ದಿನ ಮನೆ ಬಿಟ್ಟು ಹೊರಟೇಬಿಟ್ಟ. ಎಲ್ಲಿಗೆ ಗೊತ್ತೇ? ಕಾಶಿಗೆ! ಅಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವ ಯೋಚನೆ. ತಾಯಿ ವೆಂಕಮ್ಮ ಅವನನ್ನು ಹಿಡಿದು ತರಿಸಿ ಮತ್ತೆ ಶಾಲೆಗೆ ಅಟ್ಟಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸು, ಮೂರನೆಯ ಸಲ ಪಾಸು. ಮುಂದೆ ರಾಮಕೃಷ್ಣ ಮಠ ಸೇರಿ ಸಂನ್ಯಾಸಿಯಾಗಬೇಕೆಂಬ ಆಸೆ ಹುಟ್ಟಿತು. ಕೊನೆಗೆ ಜನರ ಸೇವೆಗೆ ವೈದ್ಯವಿದ್ಯೆಯೇ ದಾರಿ ಎಂದು ಮದ್ರಾಸು ವೈದ್ಯಕೀಯ ಕಾಲೇಜು ಸೇರಿದರು.

ಅದು ಸ್ವದೇಶಿ ಚಳವಳಿಯ ಕಾಲ. ಸುಬ್ಬರಾವ್ ಖಾದಿ ಬಟ್ಟೆಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಸರಿಬರಲಿಲ್ಲ. ಫಲ ಏನಾಯಿತು? ಎಂಬಿಬಿಎಸ್ ಪದವಿ ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಯ ಬಾಗಿಲು ತೆರೆಯಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುವ ಕೆಲಸ ಹಿಡಿದರು.

ಆ ವರ್ಷಗಳಲ್ಲೇ ಮನೆಗೆ ದೊಡ್ಡ ಆಘಾತ ಬಡಿಯಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ತೀರಿಕೊಂಡರು. ಅವರಿಗೆ ಬಂದಿದ್ದು ಸ್ಪ್ರೂ ಎಂಬ ಕಾಯಿಲೆ. ಈ ಕಾಯಿಲೆಯಲ್ಲಿ ಕರುಳು ಊಟದ ಸತ್ವವನ್ನು ಹೀರಿಕೊಳ್ಳುವುದಿಲ್ಲ. ಭೇದಿ ನಿಲ್ಲುವುದಿಲ್ಲ, ಬಾಯಲ್ಲಿ ಹುಣ್ಣು, ದಿನದಿನಕ್ಕೂ ರಕ್ತ ಕಡಿಮೆಯಾಗಿ ಮೈ ಬಿಳಿಚುತ್ತದೆ. ಸುಬ್ಬರಾವ್ ಅವರಿಗೂ ಇದೇ ಕಾಯಿಲೆ ಬಂದು ಹೇಗೋ ಬದುಕಿ ಉಳಿದಿದ್ದರು. ಇದಕ್ಕೆ ಮದ್ದೇನು ಎಂಬ ಪ್ರಶ್ನೆ ಅವರನ್ನು ಮತ್ತೆ ಬಿಡಲಿಲ್ಲ.

1920ರ ದಶಕದ ಆರಂಭದಲ್ಲಿ, ಮಾವನವರ ನೆರವಿನಿಂದ ಅವರು ಹಡಗು ಹತ್ತಿ ಅಮೆರಿಕದ ಬಾಸ್ಟನ್ ನಗರ ಸೇರಿದರು. ಪತ್ನಿ ಶೇಷಗಿರಿ ಊರಲ್ಲೇ ಉಳಿದರು. ಆಮೇಲೆ ಹುಟ್ಟಿದ ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. ತಂದೆ ಅದರ ಮುಖವನ್ನೇ ನೋಡಲಿಲ್ಲ. ಸುಬ್ಬರಾಯರು ಮತ್ತೆ ಭಾರತಕ್ಕೆ ಮರಳಲೇ ಇಲ್ಲ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ. ದೊಡ್ಡವರ ಜೀವನಚರಿತ್ರೆ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುವುದು ವಾಡಿಕೆ. ಆದರೆ ಕಾದು ಕುಳಿತವರೊಬ್ಬರು ಇದ್ದರು ಎಂಬುದೂ ನಿಮಗೆ ಗೊತ್ತಿರಲಿ.

ಅಮೆರಿಕದಲ್ಲಿ ಎಲ್‌ಎಂಎಸ್‌ಗೆ ಬೆಲೆ ಇರಲಿಲ್ಲ. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ರಾತ್ರಿ ಪಾಳಿಯ ಕೆಲಸ ಮಾಡಿಕೊಂಡು ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯ ಜೊತೆ ಸೇರಿ, ರಕ್ತದಲ್ಲೂ ಮೂತ್ರದಲ್ಲೂ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನವೊಂದನ್ನು ರೂಪಿಸಿದರು. 1925ರಲ್ಲಿ ಪ್ರಕಟವಾದ ಆ ವಿಧಾನಕ್ಕೆ ಇಂದಿಗೂ ಫಿಸ್ಕ್-ಸುಬ್ಬರಾವ್ ವಿಧಾನ ಎಂದೇ ಹೆಸರು. ನಾನು ಎಂಎಸ್ಸಿ ಓದುವಾಗ ಇದೇ ಪ್ರಯೋಗ ಮಾಡಿದ್ದೇನೆ. ದ್ರಾವಣ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ದಟ್ಟವಾದಷ್ಟೂ ರಂಜಕ ಹೆಚ್ಚು. ಆ ಹೆಸರಿನಲ್ಲಿರುವ ಸುಬ್ಬರಾವ್ ಯಾರೆಂದು ಆಗ ನಾನು ಕೇಳಿರಲಿಲ್ಲ ನೋಡಿ!

ಸ್ನಾಯುಗಳು ಶಕ್ತಿಯನ್ನು ಕೂಡಿಡುವ ಫಾಸ್ಫೋಕ್ರಿಯೇಟಿನ್, ಎಲ್ಲ ಜೀವಕೋಶಗಳೂ ಶಕ್ತಿಗಾಗಿ ಬಳಸುವ ಎಟಿಪಿ ಎಂಬ ವಸ್ತು, ಇವೆರಡರ ಶೋಧದಲ್ಲೂ ಅವರ ಕೈಯಿದೆ. ಇಷ್ಟಾದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆ ಸೇರಿ, ಅದರ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ಇಲ್ಲಿಂದ ನಮ್ಮ ಮಾತ್ರೆಯ ಕಥೆ. ಸ್ವಲ್ಪ ಹಿಂದೆ ಹೋಗೋಣ. ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದಿದ್ದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಿಗೆ ತೀವ್ರ ರಕ್ತಹೀನತೆ ಇರುತ್ತಿತ್ತು. ಯೀಸ್ಟಿನ ಸಾರ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುವುದನ್ನು ಲೂಸಿ ಕಂಡರು. ಯೀಸ್ಟಿನಲ್ಲಿ, ಪಿತ್ತಜನಕಾಂಗದಲ್ಲಿ, ಹಸಿರು ಸೊಪ್ಪಿನಲ್ಲಿ ರಕ್ತ ಬೆಳೆಸುವ ಏನೋ ಒಂದು ಇದೆ ಎಂದಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪಿನಿಂದ ಅದನ್ನು ಚೂರೇ ಚೂರು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಮ್ ಎಂಬ ಹೆಸರಿದೆ. ಅದರಿಂದ ಫೋಲಿಕ್ ಆಮ್ಲ. ಆದರೆ ಸೊಪ್ಪಿನಿಂದ ತೆಗೆದು ಜಗತ್ತಿಗೆಲ್ಲ ಹಂಚುವುದು ಸಾಧ್ಯವೇ? ಸುಬ್ಬರಾಯರ ತಂಡ ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ಕಾಯಿಲೆಗೆ ಆ ಹಳದಿ ಪುಡಿಯೇ ಮದ್ದಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೂ ಸಾಕಿತ್ತು. ಮುಗಿಯಲಿಲ್ಲ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಅವರ ಮುಂದೆ ಇದ್ದುದು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ನಮ್ಮ ಮೂಳೆಯೊಳಗಿನ ಮಜ್ಜೆ ರಕ್ತಕಣಗಳ ಕಾರ್ಖಾನೆ. ಲ್ಯುಕೇಮಿಯಾದಲ್ಲಿ ಅಲ್ಲಿ ಅರೆಬೆಳೆದ ಬಿಳಿಯ ರಕ್ತಕಣಗಳು ಲಂಗುಲಗಾಮಿಲ್ಲದೆ ಹೆಚ್ಚುತ್ತವೆ. ಗದ್ದೆಯಲ್ಲಿ ಕಳೆ ತುಂಬಿಕೊಂಡರೆ ಪೈರಿಗೆ ಜಾಗ ಇರುವುದಿಲ್ಲ ಅಲ್ಲವೇ, ಹಾಗೆ ಒಳ್ಳೆಯ ಕಣಗಳಿಗೆ ಜಾಗ ಇಲ್ಲದಾಗುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಡುವುದಿಲ್ಲ, ಮೈಮೇಲೆ ತಾನಾಗಿ ನೀಲಿ ಕಲೆಗಳು ಏಳುತ್ತವೆ. ಇದು ಅಂಟುರೋಗವಲ್ಲ, ಪಕ್ಕದಲ್ಲಿ ಕುಳಿತರೆ ಬರುವುದಿಲ್ಲ. ಆಗಿನ ಕಾಲದಲ್ಲಿ ರೋಗ ಗೊತ್ತಾದ ಮೇಲೆ ಮಗು ಬದುಕುತ್ತಿದ್ದುದು ಕೆಲವು ವಾರ ಅಥವಾ ಕೆಲವು ತಿಂಗಳು ಮಾತ್ರ.

ಫೋಲಿಕ್ ಆಮ್ಲ ರಕ್ತಹೀನತೆಯನ್ನು ಗುಣಪಡಿಸುತ್ತದಲ್ಲ, ರಕ್ತದ ಈ ರೋಗಕ್ಕೂ ಆದೀತೇನೋ ಎಂದು ಫಾರ್ಬರ್ ಯೋಚಿಸಿದರು. ಸುಬ್ಬರಾಯರ ಪ್ರಯೋಗಾಲಯದಿಂದ ಫೋಲಿಕ್ ಆಮ್ಲದ ರೂಪಗಳನ್ನು ತರಿಸಿ ಕಾಯಿಲೆಯ ಮಕ್ಕಳಿಗೆ ಕೊಟ್ಟರು. ಆದದ್ದು ಉಲ್ಟಾ. ಕ್ಯಾನ್ಸರ್ ಕಣಗಳು ಇನ್ನೂ ವೇಗವಾಗಿ ಹೆಚ್ಚಿದವು! ಪೈರಿಗೆಂದು ಹಾಕಿದ ಗೊಬ್ಬರವನ್ನು ಕಳೆಯೇ ಉಂಡಂತಾಯಿತು. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಕೊಟ್ಟದ್ದು ಕೆಟ್ಟದ್ದನ್ನು ಮಾಡಿತ್ತು. ಇದು ಚಿಕ್ಕ ತಪ್ಪಲ್ಲ. ಆದರೆ ಫಾರ್ಬರ್ ಅದನ್ನು ಮುಚ್ಚಿಡಲಿಲ್ಲ, ಬರೆದು ಪ್ರಕಟಿಸಿದರು. ಆಮೇಲೆ ಅದರಿಂದಲೇ ಇನ್ನೊಂದು ಪ್ರಶ್ನೆ ಹುಟ್ಟಿತು. ಫೋಲಿಕ್ ಆಮ್ಲ ಸಿಕ್ಕಿದರೆ ಈ ಕಣಗಳು ಹೆಚ್ಚುತ್ತವೆ ಎಂದಾದರೆ, ಸಿಗದಂತೆ ಮಾಡಿದರೆ?

ಸುಬ್ಬರಾಯರ ತಂಡ ಆಗಲೇ ಫೋಲಿಕ್ ಆಮ್ಲದ ನಕಲುಗಳನ್ನು ತಯಾರಿಸುತ್ತಿತ್ತು. ನಿಮ್ಮ ಮನೆಯ ಬೀಗದ ಕೀಲಿಯಂತೆಯೇ ಇರುವ, ಒಂದು ಹಲ್ಲು ಮಾತ್ರ ಬೇರೆಯಾದ ಕೀಲಿಯನ್ನು ಊಹಿಸಿಕೊಳ್ಳಿ. ಅದು ಬೀಗದೊಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ, ಹೊರಗೂ ಬರುವುದಿಲ್ಲ. ಆಮೇಲೆ ನಿಜವಾದ ಕೀಲಿ ತಂದರೂ ಉಪಯೋಗವಿಲ್ಲ. ಜೀವಕೋಶ ಎರಡಾಗಿ ಒಡೆಯಬೇಕಾದರೆ ಮೊದಲು ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಫೋಲಿಕ್ ಆಮ್ಲ ಬೇಕು. ನಕಲಿ ಕೀಲಿ ಒಂದು ಕಿಣ್ವದೊಳಗೆ ಸಿಕ್ಕಿಹಾಕಿಕೊಂಡರೆ ಕೆಲಸ ನಿಲ್ಲುತ್ತದೆ. ಇಂಥ ನಕಲುಗಳಲ್ಲಿ ಒಂದು ಅಮಿನಾಪ್ಟೆರಿನ್.

1947ರ ಡಿಸೆಂಬರ್ ಕೊನೆಯಲ್ಲಿ ಫಾರ್ಬರ್ ಅದನ್ನು ಮಕ್ಕಳಿಗೆ ಕೊಡಲು ಆರಂಭಿಸಿದರು. ಕೆಲವೇ ವಾರಗಳಲ್ಲಿ, ಏಳಲಾಗದ ಮಕ್ಕಳು ಎದ್ದು ಓಡಾಡಿದರು. 1948ರ ಜೂನ್‌ನಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ವಿವರವಿತ್ತು, 10 ಮಕ್ಕಳಲ್ಲಿ ಗುಣ ಕಂಡಿತ್ತು. ಲ್ಯುಕೇಮಿಯಾ ಔಷಧಕ್ಕೆ ಬಗ್ಗಿದ್ದು ಸ್ಪಷ್ಟವಾಗಿ ಕಂಡ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಆದರೆ ಆ ಗುಣ ಕೆಲವು ತಿಂಗಳಷ್ಟೇ ನಿಂತಿತು. ರೋಗ ಮರುಕಳಿಸಿತು. ಮರುಕಳಿಸಿದ ಮೇಲೆ ಅದೇ ಔಷಧ ಕೊಟ್ಟರೆ ಕೆಲಸ ಮಾಡಲಿಲ್ಲ.

ವರದಿ ಬಂದು ಎರಡು ತಿಂಗಳಾಗಿತ್ತು. 1948ರ ಆಗಸ್ಟ್‌ನಲ್ಲಿ ಸುಬ್ಬರಾಯರು ನಿದ್ರೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಆನೆಕಾಲು ರೋಗಕ್ಕೆ ಕೊಡುವ ಡಿಇಸಿ ಮಾತ್ರೆ ಸಿದ್ಧವಾದದ್ದು ಅವರ ನಿರ್ದೇಶನದಲ್ಲಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಕ್ಕಳಿಗೆ ಮನೆಮನೆಗೆ ಬಂದು ಹಂಚಿದ ಆ ಮಾತ್ರೆ ನೆನಪಿರಬಹುದು. ಆರಿಯೋಮೈಸಿನ್ ಎಂಬ ಪ್ರತಿಜೀವಕವೂ ಅವರು ಮುಖ್ಯಸ್ಥರಾಗಿದ್ದಾಗಲೇ ಬಂದದ್ದು. ಆದರೆ ಲ್ಯುಕೇಮಿಯಾ ನಿಜವಾಗಿ ಗುಣವಾಗುವುದನ್ನು ಅವರು ನೋಡಲಿಲ್ಲ.

ಒಂದೇ ಔಷಧ ಏಕೆ ಸಾಲಲಿಲ್ಲ? ಬನ್ನಿ, ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರಬಹುದು. ಒಂದರ ಮುಂದೆ 12 ಸೊನ್ನೆ ಹಾಕಿ. ಔಷಧ ಸಾವಿರಕ್ಕೆ 999ನ್ನು ಕೊಂದಿತು ಎನ್ನೋಣ. ಭಾರಿ ಔಷಧವೇ ಸರಿ! ಆದರೂ ಉಳಿದದ್ದೆಷ್ಟು? ನೂರು ಕೋಟಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಹೋಗಿಯೇಬಿಟ್ಟಿತು ಎನ್ನಿಸುತ್ತದೆ. ಹೋಗಿಲ್ಲ.

ಇನ್ನೂ ಒಂದು ತೊಂದರೆ ಇದೆ. ಅಷ್ಟು ಕಣಗಳಲ್ಲಿ ಕೆಲವು ಆಕಸ್ಮಿಕವಾಗಿ ಬದಲಾಗಿ, ಆ ಔಷಧಕ್ಕೆ ಜಗ್ಗದವಾಗಿರುತ್ತವೆ. ಲಕ್ಷಕ್ಕೆ ಒಂದು ಕಣ ಹಾಗಿದೆ ಎಂದಿಟ್ಟುಕೊಳ್ಳಿ. ಒಟ್ಟು ಒಂದು ಕೋಟಿ ಕಣಗಳಾದವು. ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡನೆಯ ಔಷಧವನ್ನೂ ಅದೇ ಹೊತ್ತಿಗೆ ಕೊಟ್ಟರೆ? ಎರಡಕ್ಕೂ ಜಗ್ಗದ ಕಣ ಲಕ್ಷದ ಲಕ್ಷಕ್ಕೆ ಒಂದು. ಉಳಿಯುವುದು 100. ಮೂರನೆಯ ಔಷಧವನ್ನೂ ಸೇರಿಸಿದರೆ ಎಷ್ಟು ಉಳಿಯುತ್ತವೆ, ನೀವೇ ಲೆಕ್ಕ ಹಾಕಿ. ನಿಜವಾದ ದೇಹ ಇಷ್ಟು ಸರಳವಾಗಿ ಲೆಕ್ಕಕ್ಕೆ ಸಿಗುವುದಿಲ್ಲ, ಆದರೆ ತರ್ಕ ಇದೇ. ಔಷಧಗಳನ್ನು ಒಂದಾದ ಮೇಲೊಂದು ಕೊಟ್ಟರೆ ಈ ಲಾಭ ಸಿಗದು, ಒಟ್ಟಿಗೆ ಕೊಡಬೇಕು. ಕ್ಷಯರೋಗಕ್ಕೆ ಮೂರು ನಾಲ್ಕು ಔಷಧಗಳನ್ನು ಸೇರಿಸಿ ಕೊಡುವುದೂ ಇದೇ ಕಾರಣಕ್ಕೆ.

ಅಷ್ಟರಲ್ಲಿ ಬೇರೆ ಔಷಧಗಳೂ ಬಂದಿದ್ದವು. ಅಮಿನಾಪ್ಟೆರಿನ್‌ಗಿಂತ ಕಡಿಮೆ ಅಪಾಯದ, ಲೆಡರ್ಲೆಯಲ್ಲೇ ತಯಾರಾದ ಮೆಥೋಟ್ರೆಕ್ಸೇಟ್ ಬಂತು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ತಯಾರಿಸಿದ 6-ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲಿ ಬಳಕೆಗೆ ಬಂತು. ಪ್ರೆಡ್ನಿಸೋನ್ ಬಂತು. ನಾಲ್ಕನೆಯದು ವಿನ್‌ಕ್ರಿಸ್ಟಿನ್. ಅದರ ಗಿಡ ನಿಮ್ಮ ಶಾಲೆಯ ಕೈತೋಟದಲ್ಲೇ ಇರಬಹುದು! ನಸುಗೆಂಪು ಅಥವಾ ಬಿಳಿ ಹೂ ಬಿಡುವ ನಿತ್ಯಪುಷ್ಪ, ಕೆಲವೆಡೆ ಸದಾಪುಷ್ಪ ಎನ್ನುತ್ತಾರೆ. (ಹಾಗೆಂದು ಎಲೆ ಕಿತ್ತು ಬಾಯಿಗೆ ಹಾಕಬೇಡಿ, ಅದು ವಿಷ.) ಒಂದೊಂದೇ ಕೊಟ್ಟಾಗ ಈ ನಾಲ್ಕೂ ಕೆಲವು ತಿಂಗಳ ಬಿಡುವು ಕೊಡುತ್ತಿದ್ದವು, ಅಷ್ಟೇ.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ವೈದ್ಯರು 1960ರ ದಶಕದ ಆರಂಭದಲ್ಲಿ ನಾಲ್ಕನ್ನೂ ಒಟ್ಟಿಗೆ ಕೊಡಲು ಹೊರಟರು. ಅನೇಕ ವೈದ್ಯರು ವಿರೋಧಿಸಿದರು. ಒಂದೊಂದೂ ವಿಷದಂಥ ಔಷಧ, ನಾಲ್ಕು ಸೇರಿದರೆ ಮಗು ಔಷಧದಿಂದಲೇ ಸತ್ತರೆ? ಈ ಭಯ ಸುಳ್ಳಲ್ಲ. ಬಾಯಿ, ಕರುಳು, ಕೂದಲಿನ ಬುಡ, ಇಲ್ಲೆಲ್ಲ ಒಳ್ಳೆಯ ಜೀವಕೋಶಗಳೂ ಬೇಗಬೇಗ ಒಡೆಯುತ್ತವೆ, ಅವಕ್ಕೂ ಏಟು ಬೀಳುತ್ತದೆ. ಅದಕ್ಕೇ ಜೊತೆ ಕಟ್ಟುವಾಗ ನೋಡಿಕೊಳ್ಳಬೇಕು. ಪ್ರತಿಯೊಂದು ಔಷಧವೂ ಒಂಟಿಯಾಗಿ ಕೊಟ್ಟಾಗ ಕೆಲಸ ಮಾಡುವಂಥದ್ದಾಗಿರಬೇಕು, ಕಣವನ್ನು ಬೇರೆ ಬೇರೆ ಕಡೆ ಹೊಡೆಯಬೇಕು, ಅವುಗಳ ತೊಂದರೆಯೆಲ್ಲ ಒಂದೇ ಅಂಗದ ಮೇಲೆ ಬೀಳಬಾರದು. ವಿನ್‌ಕ್ರಿಸ್ಟಿನ್ ಮುಖ್ಯವಾಗಿ ನರಗಳಿಗೆ ತೊಂದರೆ ಕೊಡುತ್ತದೆ, ಮೆಥೋಟ್ರೆಕ್ಸೇಟ್ ಬಾಯಿಗೆ, ಮಜ್ಜೆಗೆ. ಹೀಗಾಗಿ ಎರಡನ್ನೂ ಸಾಕಷ್ಟು ಪ್ರಮಾಣದಲ್ಲಿ ಸೇರಿಸಿ ಕೊಡಬಹುದು.

ಇಂಥ ಜೋಡಣೆಗಳನ್ನು ಹೋಲಿಸಿ ನೋಡುವುದು ಹೇಗೆ? ಕಾಯಿಲೆ ಹೆಚ್ಚಿರುವ ಮಕ್ಕಳಿಗೆಲ್ಲ ಹಳೆಯದನ್ನು, ಗಟ್ಟಿಯಾಗಿರುವ ಮಕ್ಕಳಿಗೆಲ್ಲ ಹೊಸದನ್ನು ಕೊಟ್ಟರೆ ಹೊಸದೇ ಗೆಲ್ಲುತ್ತದೆ. ಅದು ಮೋಸದ ಪರೀಕ್ಷೆ. ಆದ್ದರಿಂದ ಯಾವ ಮಗುವಿಗೆ ಯಾವ ಜೋಡಣೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಒಂದೇ ಆಸ್ಪತ್ರೆಯಲ್ಲಿ ಸಾಕಷ್ಟು ರೋಗಿಗಳು ಇರುವುದಿಲ್ಲವಾದ್ದರಿಂದ ಹಲವು ಆಸ್ಪತ್ರೆಗಳು ಸೇರಿ ಒಂದೇ ನಿಯಮದಲ್ಲಿ ಪರೀಕ್ಷೆ ನಡೆಸುತ್ತವೆ. ಮೊದಲೇ ತಂದೆತಾಯಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು.

ನಾಲ್ಕು ಔಷಧಗಳ ಜೋಡಣೆ ಕೆಲವು ಮಕ್ಕಳನ್ನು ವರ್ಷಗಟ್ಟಲೆ ಉಳಿಸಿತು. ಆದರೆ ಹಲವರಲ್ಲಿ ರೋಗ ಮೆದುಳಿನ ಸುತ್ತ ಮತ್ತೆ ಕಾಣಿಸಿಕೊಂಡಿತು. ಔಷಧಗಳು ಅಲ್ಲಿಗೆ ಸರಿಯಾಗಿ ತಲುಪುತ್ತಲೇ ಇರಲಿಲ್ಲ. ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಅವರು ಔಷಧಗಳ ಜೊತೆಗೆ ಮೆದುಳಿಗೂ ಬೇರೆಯಾಗಿ ಚಿಕಿತ್ಸೆ ಸೇರಿಸಿದರು. 1970ರ ಹೊತ್ತಿಗೆ ಅಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗುವ ಸ್ಥಿತಿ ಬಂತು. ಇಂದು ಶ್ರೀಮಂತ ದೇಶಗಳಲ್ಲಿ ಮಕ್ಕಳ ಈ ಬಗೆಯ ಲ್ಯುಕೇಮಿಯಾ ನೂರಕ್ಕೆ ಸುಮಾರು 90 ಮಂದಿಯಲ್ಲಿ ಗುಣವಾಗುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆಸ್ಪತ್ರೆಗೆ ತಡವಾಗಿ ಬರುವುದು, ದೂರ ಮತ್ತು ಖರ್ಚಿನ ಕಾರಣಕ್ಕೆ ಚಿಕಿತ್ಸೆಯನ್ನು ನಡುವೆ ಬಿಡುವುದು, ಇವೂ ಅದಕ್ಕೆ ಕಾರಣ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿಕೆ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆಗಳು, ಇವು ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಕಂಡರೆ ಗುರುಗಳಿಗೆ ಹೇಳಿ. ಹೆಚ್ಚಿನ ಸಲ ಬೇರೆ ಸಣ್ಣ ಕಾರಣವೇ ಇರುತ್ತದೆ. ಆದರೂ ರಕ್ತ ಪರೀಕ್ಷೆ ಮಾಡಿಸಿದರೆ ನಷ್ಟವೇನಿಲ್ಲ.

ಸುಬ್ಬರಾಯರ ಹೆಸರಿನ ಅಂಚೆಚೀಟಿಯನ್ನು ಭಾರತ ಸರ್ಕಾರ 1995ರಲ್ಲಿ ಹೊರತಂದಿತು. ಅವರು ಹುಟ್ಟಿ ಆಗ ನೂರು ವರ್ಷವಾಗಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಸೇರಿದಂತೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಲ್ಯುಕೇಮಿಯಾದ ಮಕ್ಕಳು ಮೊದಲ ತಿಂಗಳುಗಳ ಕಠಿಣ ಚಿಕಿತ್ಸೆ ಮುಗಿಸಿ ಮನೆಗೆ ಮರಳುತ್ತಾರೆ, ಶಾಲೆಗೂ ಬರುತ್ತಾರೆ. ಆಮೇಲೂ ಒಂದೂವರೆ ಎರಡು ವರ್ಷ ಅವರಿಗೆ ಮಾತ್ರೆಗಳಿರುತ್ತವೆ. ದಿನವೂ 6-ಮರ್ಕ್ಯಾಪ್ಟೊಪ್ಯೂರಿನ್, ಮತ್ತು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಎಂಬ ಪುಟ್ಟ ಹಳದಿ ಮಾತ್ರೆ.